ನಲ್ಲಿ ಬಿಟ್ಟು ಕೇಳಬೇಕು

ಎದುರು ಮನೆಯ ಬಡಗಿ ಟಿವಿಯ ಎಡತುದಿ ಹಿಡಿದಿದ್ದ, ಮನೆಮಗಳು ಬಲತುದಿ. ಟಿವಿ ಗೋಡೆಯ ಕೊಕ್ಕೆಯಿಂದ ಬಿಡಿಸಿಕೊಂಡು ಅರ್ಧ ಗೇಣು ಮುಂದೆ ಬಂದಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಬಂದಳು.

"ಇಳಿಸಬೇಡಿ. ಅದರ ಪರೀಕ್ಷೆ ಮುಗಿದಿಲ್ಲ."

ಬಡಗಿ ಮಗಳ ಮುಖ ನೋಡಿದ. ಮಗಳು ಹಾಲ್ ನಡುವೆ ಬಿಳಿ ಹೊದಿಕೆಯಡಿ ಮಲಗಿದ್ದ ಅಪ್ಪನ ಮುಖ ನೋಡಿದಳು. ಇಂಥ ಮಾತಿಗೆ ಉತ್ತರ ಕೊಡಬೇಕಾದವನು ಅವನೇ. ಆದರೆ ಅವನು ನಿನ್ನೆ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಕುರ್ಚಿಯಲ್ಲಿ ಕೂತವನು ಮತ್ತೆ ಏಳಲಿಲ್ಲ.

"ಪರೀಕ್ಷೆಯಂತೆ," ಎಂದಳು ದೊಡ್ಡತ್ತೆ. ಅವಳು ಅಪ್ಪನ ಅಕ್ಕ. ಬೆಳಗಿನ ಮೊದಲ ಬಸ್ಸಿಗೆ ಬಂದಿಳಿದು, ಯಾರೂ ಕೇಳದಿದ್ದರೂ ಮನೆಯ ಯಜಮಾನಿಕೆ ವಹಿಸಿಕೊಂಡಿದ್ದಳು. "ಹೋದವನ ತಲೆ ಮೇಲೆ ಅಷ್ಟು ದೊಡ್ಡ ಟಿವಿ ನೇತಾಡ್ತಾ ಇದ್ರೆ ಬಂದವರು ಏನಂದುಕೊಳ್ತಾರೆ? ಇಳಿಸಿ ಮಂಚದ ಕೆಳಗೆ ತಳ್ಳಿ."

"ಬಂದವರಿಗೆಲ್ಲ ಆ ಟಿವಿ ಹೇಗಿದೆ ಅಂತಾನೇ ಕೇಳಬೇಕಾಗಿರೋದು ಅತ್ತಿಗೆ," ಎಂದಳು ಅಮ್ಮ.

ಅದೇನೂ ಸುಳ್ಳಲ್ಲ. ಬೆಳಿಗ್ಗೆಯಿಂದ ಬಂದವರಲ್ಲಿ ಅರ್ಧಕ್ಕರ್ಧ ಜನ ಅಪ್ಪನ ಪಕ್ಕ ಹೂವಿಟ್ಟು, ಕಣ್ಣೊರೆಸಿಕೊಂಡು, ಆಮೇಲೆ ಒಂದು ಸಲ ಮೇಲೆ ನೋಡಿ, "ಇದು ಹೊಸದಾ?" ಎಂದು ಪಿಸುಗುಟ್ಟಿದ್ದರು. ಬಡಗಿ ಟಿವಿಯನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಿದ.

ಇಪ್ಪತ್ತಾರು ವರ್ಷ ಅಪ್ಪ ಮಾಡಿದ ಕೆಲಸ ಇದೊಂದೇ. ಬಳಕೆದಾರರಿಗೆಂದೇ ನಡೆಯುವ ಒಂದು ಮಾಸಪತ್ರಿಕೆ ಪ್ರತಿ ತಿಂಗಳು ಯಾವುದೋ ಅಂಗಡಿಯಲ್ಲಿ ಒಂದು ಟಿವಿ ಕೊಂಡು ಮನೆಗೆ ಕಳಿಸುತ್ತಿತ್ತು. ಅಪ್ಪ ಅದನ್ನು ಗೋಡೆಗೆ ಹಾಕಿಸಿ, ಹತ್ತು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಚಿತ್ರಕ್ಕೆ ಹತ್ತಕ್ಕೆ ಇಷ್ಟು, ಧ್ವನಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ಒಂದು ಪುಟ ಬರೆಯುತ್ತಿದ್ದ. ಮಟಮಟ ಮಧ್ಯಾಹ್ನ ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿ, ಕಪ್ಪು ಬಣ್ಣ ಕಪ್ಪಾಗಿಯೇ ಕಾಣುತ್ತದೋ ಬೂದಿ ಬಳಿದ ಹಾಗಿದೆಯೋ ಎಂದು ನೋಡುತ್ತಾ ಕೂರುತ್ತಿದ್ದುದರಿಂದ ಬೀದಿಯವರಿಗೆ ಅವನು ಕತ್ತಲೆ ಮಾವ. ನಡುಬೆಲೆಯ ಟಿವಿ ಬಿಟ್ಟರೆ ಬೇರೆಯದನ್ನು ಮುಟ್ಟುತ್ತಿರಲಿಲ್ಲ. "ದುಬಾರಿದು ಚೆನ್ನಾಗಿದೆ ಅನ್ನೋಕೆ ನಾನ್ಯಾಕೆ ಬೇಕು? ಅಗ್ಗದ್ದು ಚೆನ್ನಾಗಿಲ್ಲ ಅನ್ನೋಕೂ ನಾನು ಬೇಡ. ಜನ ಟೋಪಿ ಹಾಕಿಸಿಕೊಳ್ಳೋದು ನಡುವಿನದರಲ್ಲೇ," ಎನ್ನುತ್ತಿದ್ದ. ಆ ಬೀದಿಯಲ್ಲಿ ಕತ್ತಲೆ ಮಾವನ ಪುಟ ಓದದೆ ಟಿವಿ ಕೊಂಡವರು ಇರಲಿಲ್ಲ. ಇದ್ದರೂ ಒಪ್ಪಿಕೊಳ್ಳುತ್ತಿರಲಿಲ್ಲ.

ಹನ್ನೊಂದೂವರೆಗೆ ಪತ್ರಿಕೆಯ ಉಪಸಂಪಾದಕ ಬಂದ. ಮೂವತ್ತು ದಾಟಿದ ಸಂಭಾವಿತ. ಹೂವಿಟ್ಟು, ಅಪ್ಪನ ಮುಂದೆ ಬಹಳ ಹೊತ್ತು ನಿಂತು, ಆಮೇಲೆ ಅಮ್ಮನ ಹತ್ತಿರ ಬಂದು ಬೆರಳು ಹಿಸುಕಿಕೊಂಡ.

"ಇವತ್ತು ಕೇಳಬಾರದು ಅಮ್ಮ. ಆದರೂ ಒಂದೂವರೆಗೆ ಪುಟ ಅಚ್ಚಿಗೆ ಹೋಗುತ್ತೆ. ಸರ್ ಏನಾದ್ರೂ ಬರೆದಿಟ್ಟಿದ್ರಾ?"

ಮಗಳು ಅಪ್ಪನ ನೋಟ್‌ಬುಕ್ ತಂದಳು. ಅವಳು ಬಸ್ ಓಡಿಸುವವಳು, ಬೇರೆ ಊರಲ್ಲಿ ಮನೆ. ಅಪ್ಪನ ಬರವಣಿಗೆ ಅಚ್ಚಿನಲ್ಲಿ ಓದಿದ್ದಳೇ ಹೊರತು ಕೈಬರಹದಲ್ಲಿ ಓದಿರಲಿಲ್ಲ. ಗಟ್ಟಿಯಾಗಿ ಓದಿದಳು:

"ಕಪ್ಪು ಚೆನ್ನಾಗಿದೆ. ರಾತ್ರಿಯ ದೃಶ್ಯದಲ್ಲೂ ಕಪ್ಪು ಕೋಟಿನ ಗುಂಡಿ ಎಣಿಸಬಹುದು. ಓಡುವ ಚೆಂಡಿಗೆ ಸಣ್ಣ ಬಾಲ ಬರುತ್ತದೆ, ಕ್ಷಮಿಸೋಣ. ಅಂಗಡಿಯ ಹೊಳಪನ್ನು ಮನೆಯಲ್ಲೂ ಹಾಗೇ ಬಿಟ್ಟರೆ ಎಲ್ಲರ ಮುಖವೂ ಟೊಮೆಟೊ, ಮೊದಲು ಅದನ್ನು ಬದಲಾಯಿಸಿ. ಪಕ್ಕದಿಂದ ನೋಡುವವರಿಗೆ ಬಣ್ಣ ಪೇಲವ. ಆದ್ದರಿಂದ ಮನೆಗೆ ಬಂದ ಅಳಿಯನನ್ನು ನಡುವೆ ಕೂರಿಸಿ. ಚಿತ್ರಕ್ಕೆ ಎಂಟು."

ಬಡಗಿ ನಕ್ಕುಬಿಟ್ಟು, ದೊಡ್ಡತ್ತೆಯ ಕಡೆ ನೋಡಿ ಕೆಮ್ಮಿದ. ಮಗಳು ಪುಟ ತಿರುಗಿಸಿದಳು. ಧ್ವನಿ ಎಂಬ ತಲೆಬರಹದ ಕೆಳಗೆ ಏನೂ ಇರಲಿಲ್ಲ.

"ಪರವಾಗಿಲ್ಲ," ಎಂದ ಉಪಸಂಪಾದಕ. "ಸಂಪಾದಕರು ಹೇಳಿದ್ದಾರೆ. ಧ್ವನಿದು ಕಂಪನಿಯವರ ಕರಪತ್ರದಿಂದಲೇ ತುಂಬಿಸೋಣ. ಇಪ್ಪತ್ತು ವ್ಯಾಟ್, ಸುತ್ತಲೂ ಆವರಿಸುವ ಧ್ವನಿ, ಹೀಗೇನೋ ಇದೆ."

ಅಮ್ಮ ಅವನನ್ನೇ ನೋಡಿದಳು. "ಅವರ ಹೆಸರಿನ ಕೆಳಗೆ ಕಂಪನಿಯವರ ಮಾತಾ?"

"ಬೇರೆ ದಾರಿ ಇಲ್ಲಮ್ಮ."

"ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಆ ಕರಪತ್ರ ಬಿಡಿಸಿ ನೋಡಿದವರಲ್ಲ. ಅಷ್ಟೂ ವರ್ಷದ ಬಣ್ಣ ಮಸಿ ನುಂಗಿಬಿಡುತ್ತಲ್ಲಪ್ಪ." ಅವಳು ಗಡಿಯಾರ ನೋಡಿದಳು. ಹನ್ನೊಂದು ಐವತ್ತು. ಶವವಾಹನ ಎರಡಕ್ಕೆ ಬರುವುದಿತ್ತು. "ಧ್ವನಿ ಪರೀಕ್ಷೆಗೆ ಮುಕ್ಕಾಲು ಗಂಟೆ ಸಾಕು. ಈಗಲೇ ಮಾಡೋಣ."

*

ಹದಿನೆಂಟು ವರ್ಷದ ಹಿಂದೆ ಒಂದು ತಿಂಗಳು ಪತ್ರಿಕೆಗೆ ನಲವತ್ತೊಂದು ಕಾಗದ ಬಂದಿದ್ದವು. ಎಲ್ಲದರಲ್ಲೂ ಒಂದೇ ದೂರು. ನೀವು ಧ್ವನಿಗೆ ಎಂಟು ಕೊಟ್ಟ ಟಿವಿ ಕೊಂಡೆವು, ಹಾಕಿದ ಕೂಡಲೇ ಕಿವಿಯೊಳಗೆ ಸೊಳ್ಳೆ ಹೊಕ್ಕ ಹಾಗೆ ಕುಂಯ್ ಅನ್ನುತ್ತದೆ.

ಆ ಟಿವಿ ಇನ್ನೂ ಗೋಡೆಯ ಮೇಲೇ ಇತ್ತು. ಅಪ್ಪ ಹಾಕಿದ, ಕಿವಿ ಹಚ್ಚಿ ಕೇಳಿದ. ಏನೂ ಇಲ್ಲ. ಮತ್ತೆ ಕೇಳಿದ. ಕೊನೆಗೆ ಅಡುಗೆಮನೆಯಿಂದ ಅಮ್ಮನನ್ನು ಕರೆದ.

"ಏನಾದ್ರೂ ಕೇಳ್ತಾ ಇದೆಯೇನೇ?"

"ಕೇಳದೆ ಏನು? ಬಂದ ದಿನದಿಂದ ತಲೆ ತಿಂತಾ ಇದೆ."

"ಮತ್ತೆ ಹೇಳಬಾರದಾ?"

"ಟಿವಿ ವಿಷಯದಲ್ಲಿ ನಿಮಗೆ ಹೇಳೋಕೆ ನಾನ್ಯಾರು? ಅಷ್ಟು ಸದ್ದು ಇರಬೇಕೇನೋ ಅಂದುಕೊಂಡೆ."

ಮರುದಿನವೇ ಅಪ್ಪ ಕಿವಿ ತೋರಿಸಲು ಹೋದ. ಕಿವಿ ಡಾಕ್ಟರು ಕಾಗದದ ಮೇಲೆ ಒಂದು ಗೆರೆ ತೋರಿಸಿದರು. ಒಂದು ಕಡೆಯಿಂದ ನೆಟ್ಟಗೆ ಬಂದು ಇದ್ದಕ್ಕಿದ್ದಂತೆ ಬಾವಿಗೆ ಬಿದ್ದ ಹಾಗಿತ್ತು. ಮಾತಿನ ತುದಿಗಳು, ತೆಳು ಸ್ವರಗಳು, ಅವೆಲ್ಲ ಅವನ ಪಾಲಿಗೆ ಹೋಗಿದ್ದವು. ಜೋರಾಗಿ ಮಾತಾಡಿದರೆ ಮಾತ್ರ ತಿಳಿಯುತ್ತಿತ್ತು.

"ನಾಳೆನೇ ರಾಜೀನಾಮೆ ಬರೀತೀನಿ," ಎಂದ. "ಕೇಳಿಸದವನು ಕೇಳಿದೆ ಅಂತ ಬರೆಯೋದು ಕಳ್ಳತನ."

"ಕಣ್ಣು ಹೋಗಿಲ್ಲವಲ್ಲ? ನೋಡೋದು ನೀವು ನೋಡಿ. ಕೇಳೋದು ನಾನು ಕೇಳ್ತೀನಿ."

"ಹಾಗಾದ್ರೆ ನಿನ್ನ ಹೆಸರು ಹಾಕಿಸ್ತೀನಿ."

"ನನ್ನ ಹೆಸರು ಕಂಡ್ರೆ ನಿಮ್ಮ ಕಿವಿ ಏನಾಯ್ತು ಅಂತ ಕೇಳ್ತಾರೆ. ಮಗಳಿನ್ನೂ ಓದ್ತಾ ಇದ್ದಾಳೆ. ಪತ್ರಿಕೆಗೆ ಬಾಯಿ ಬಿಟ್ಟರೆ ನನ್ನಾಣೆ."

ಅವನು ಒಪ್ಪಿದ. ಆದರೆ ಒಪ್ಪಿದ್ದು ಅವನಿಗೆ ಕೊನೆಯವರೆಗೂ ಹಿಡಿಸಲಿಲ್ಲ. ಒಮ್ಮೆ ಅವಳು ಧ್ವನಿಗೆ ನಾಲ್ಕು ಎಂದಾಗ, "ಚಿತ್ರ ಇಷ್ಟು ಚೆನ್ನಾಗಿದೆ, ಐದಾದ್ರೂ ಕೊಡೇ," ಎಂದು ಗೋಗರೆದಿದ್ದ. ಅವಳು ಕೊಡಲಿಲ್ಲ. ಎರಡು ದಿನ ಇಬ್ಬರಿಗೂ ಮಾತಿರಲಿಲ್ಲ. ಮೂರನೆಯ ದಿನ ಅವನು ನಾಲ್ಕು ಎಂದೇ ಬರೆದು ಕಳಿಸಿದ.

*

"ಹೆಣ ಮುಂದಿಟ್ಟುಕೊಂಡು ಟಿವಿ ಹಾಕ್ತೀಯಾ?" ದೊಡ್ಡತ್ತೆ ಅಪ್ಪನಿಗೂ ಟಿವಿಗೂ ನಡುವೆ ಬಂದು ನಿಂತಳು. "ನಾನಿರೋವರೆಗೂ ಆಗಲ್ಲ."

"ಅತ್ತಿಗೆ, ಅವರಿಗೆ ಮನೆಯಲ್ಲಿ ಟಿವಿ ಆರಿದ್ರೆ ಊಟ ಸೇರ್ತಾ ಇರಲಿಲ್ಲ. ನಿಮಗೆ ಗೊತ್ತಿಲ್ವಾ?"

ಮೂಲೆಮನೆಯ ಟೈಲರಮ್ಮ ಎದ್ದಳು. ಎಂಟು ಗಂಟೆಯಿಂದ ಅಳುತ್ತಾ ಕೂತಿದ್ದ ಅವಳ ಮೂಗು ಕೆಂಪಾಗಿತ್ತು. "ನನ್ನ ಮಾತು ಕೇಳಿ ದೊಡ್ಡಮ್ಮ. ನಮ್ಮತ್ತೆಗೆ ಕಿವಿ ಮಂದ. ಅವರಿಗೆ ಕೇಳಲಿ ಅಂತ ಜೋರು ಮಾಡಿದ್ರೆ ನನ್ನ ತಲೆ ಸಿಡಿಯುತ್ತೆ. ಇದೇ ಟಿವಿ ತಗೊಳ್ಳಲಾ ಮಾವ ಅಂತ ಹೋದ ವಾರ ಕೇಳಿದ್ದೆ. ಧ್ವನಿ ನೋಡಿ ಹೇಳ್ತೀನಿ ತಡಿ ಅಂದಿದ್ರು. ಅದೊಂದು ಹೇಳಿ ಹೋಗಲಿ."

ದೊಡ್ಡತ್ತೆ ಪಕ್ಕಕ್ಕೆ ಸರಿಯಲಿಲ್ಲ, ಆದರೆ ಬಾಯಿಯನ್ನೂ ತೆರೆಯಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡು ಮಗಳು ಟಿವಿ ಹಾಕಿದಳು. ಪರದೆ ಬೆಳಗಿ, ಯಾರು ನೋಡುತ್ತಿದ್ದೀರಿ ಎಂದು ಕೇಳಿತು. ಕೆಳಗೆ ಎರಡು ವೃತ್ತ, ಒಂದರಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಅಮ್ಮನದು. ಮಗಳ ಬೆರಳು ಸ್ವಲ್ಪ ಹೊತ್ತು ನಿಂತು, ಅಮ್ಮನ ಹೆಸರನ್ನು ಒತ್ತಿತು.

ಪತ್ರಿಕೆಯವರು ಟಿವಿಯ ಜೊತೆ ಪ್ರತಿ ಸಲವೂ ಒಂದು ಲಕೋಟೆ ಕಳಿಸುತ್ತಿದ್ದರು. ಅದರಲ್ಲಿ ಸುದ್ದಿ ಓದುವ ದನಿಯೊಂದನ್ನು ತುಂಬಿದ ಪೆನ್‌ಡ್ರೈವ್, ಆ ದನಿ ಹೇಳುವ ನೂರು ಪದ ಅಚ್ಚಾದ ಹಾಳೆ. ಆರು ವರ್ಷದಿಂದ ಆ ನೂರು ಪದ ಬರೆಯುತ್ತಿದ್ದವನು ಈ ಉಪಸಂಪಾದಕನೇ. ಪರೀಕ್ಷೆಯ ಕ್ರಮವೂ ಅವನಿಗೆ ಬಾಯಿಪಾಠ. ಒಬ್ಬರು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನಿಂತು ಕೇಳಿದ್ದನ್ನು ಕೇಳಿದ ಹಾಗೆ ಕೂಗಬೇಕು, ಇನ್ನೊಬ್ಬರು ಹಾಲ್‌ನಲ್ಲಿ ಹಾಳೆ ಹಿಡಿದು ಸರಿಯಾದ ಪದಕ್ಕೆ ಗುರುತು ಹಾಕಬೇಕು. ಪಾತ್ರೆ ತೊಳೆಯುವಾಗ ಕೇಳದ ಟಿವಿ ಟಿವಿಯೇ ಅಲ್ಲ ಎಂಬುದು ಅಪ್ಪನ ಕಾನೂನು.

ಅಮ್ಮ ಹಾಳೆಯನ್ನು ನೋಡದೆ ಅವನ ಕೈಗಿಟ್ಟಳು. "ನೀವು ಗುರುತು ಹಾಕಿ." ಅಡುಗೆಮನೆ ಕಡೆ ನಡೆದಳು.

"ಒಂದು ನಿಮಿಷ ಅಮ್ಮ. ಅಡುಗೆಮನೆಗೆ ಹೋಗ್ತಿದ್ದವರು ಸರ್ ಅಲ್ವಾ? ನೀವು ಇಲ್ಲಿ ಗುರುತು ಹಾಕ್ತಿದ್ರಿ ಅಂದುಕೊಂಡಿದ್ದೆ."

ಅಮ್ಮ ಬಾಗಿಲಲ್ಲಿ ನಿಂತಳು. ಹಾಲ್‌ನಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು. ಸುಳ್ಳು ಹೇಳಲು ಒಳ್ಳೆಯ ಅವಕಾಶವಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅಪ್ಪನ ಮುಖ ಎದುರಿಗೇ ಇತ್ತು.

"ಹದಿನೆಂಟು ವರ್ಷದಿಂದ ನಾನೇ ಹೋಗೋದು," ಎಂದಳು. "ಅವರಿಗೆ ಕೇಳ್ತಿರಲಿಲ್ಲ. ಯಾರಿಗೂ ಹೇಳಬೇಡಿ ಅಂದವಳೂ ನಾನೇ."

ಮಗಳಿಗೆ ಇದು ಹೊಸದು. ಅಪ್ಪನ ಹತ್ತಿರ ಅಮ್ಮ ಕೂಗಿ ಮಾತಾಡುವುದು ಅವಳ ಸ್ವಭಾವ ಎಂದೇ ಇಷ್ಟು ವರ್ಷ ತಿಳಿದಿದ್ದಳು. ದೊಡ್ಡತ್ತೆ ತಮ್ಮನ ಮುಖ ನೋಡಿ, "ನನಗೂ ಹೇಳಲಿಲ್ಲವಲ್ಲೋ," ಎಂದು ಅವನನ್ನೇ ಕೇಳಿದಳು. ಉಪಸಂಪಾದಕನ ಬಣ್ಣ ಇಳಿದಿತ್ತು. "ಹಾಗಾದ್ರೆ ಇಷ್ಟು ವರ್ಷ ಓದುಗರಿಗೆ..." ಎಂದು ಕೈಯಲ್ಲಿದ್ದ ಹಾಳೆ ನೋಡಿದ.

"ಓದುಗರಿಗೆ ಏನಾಗಿದೆ?" ಎಂದಳು ಟೈಲರಮ್ಮ. "ಈ ಬೀದಿಯ ಎಂಟು ಮನೆಯಲ್ಲಿ ಮಾವ ಹೇಳಿದ ಟಿವಿನೇ ಇದೆ. ಒಂದರಲ್ಲಿ ಧ್ವನಿ ಕೆಟ್ಟಿದೆಯಾ ಕೇಳಿ ನೋಡಿ. ಕೇಳಿದ ಕಿವಿ ಯಾರದಾದ್ರೇನು, ನಿಜ ತಾನೇ? ಅಕ್ಕ, ನೀವು ನಡೀರಿ. ಹೊತ್ತಾಗ್ತಾ ಇದೆ."

ನಲ್ಲಿ ಸುರಿಯತೊಡಗಿತು. ಮಗಳು ಗುಂಡಿ ಒತ್ತಿದಳು. ಸುದ್ದಿಯ ದನಿ ಹೊರಟಿತು, ಒಳಗಿಂದ ಅಮ್ಮನ ದನಿ ಅದರ ಬೆನ್ನು ಹತ್ತಿತು. "ಕೆರೆಯ... ದಡದಲ್ಲಿ... ಇಲ್ಲ, ಹೋಯ್ತು... ಎರಡು... ಹೋಯ್ತು, ಹೋಯ್ತು... ಮಕ್ಕಳು..." ಉಪಸಂಪಾದಕ ಗೋಡೆಗೆ ಹಾಳೆ ಒತ್ತಿ ಗುರುತು ಹಾಕುತ್ತಿದ್ದ. ಬಡಗಿ ಅವನ ಭುಜದ ಮೇಲಿಂದ ಬಗ್ಗಿ ಹಾಳೆ ನೋಡುತ್ತಾ, ಅಮ್ಮ ತಪ್ಪಿದಾಗಲೆಲ್ಲ ಉಸ್ಸೆಂದು ತನ್ನ ತೊಡೆಗೆ ಹೊಡೆದುಕೊಳ್ಳುತ್ತಿದ್ದ.

"ಐವತ್ತಾರು," ಎಂದ ಉಪಸಂಪಾದಕ.

"ಡಬ್ಬದೊಳಗೆ ಕೂತು ಮಾತಾಡಿದಂಗಿದೆ," ಎಂದು ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು. "ಐವತ್ತಾರಕ್ಕೆ ನಾಲ್ಕಕ್ಕಿಂತ ಹೆಚ್ಚು ಕೊಡೋಕಾಗಲ್ಲ."

ಟೈಲರಮ್ಮನ ಮುಖ ಬಾಡಿತು. "ಚಿತ್ರ ಅಷ್ಟು ಚೆನ್ನಾಗಿದೆ ಅಕ್ಕ."

ಅಮ್ಮ ಟಿವಿಯ ಹತ್ತಿರ ಹೋಗಿ ಅಂಗೈಯನ್ನು ಅದರ ಬೆನ್ನಿಗೂ ಗೋಡೆಗೂ ನಡುವಿನ ಸಂದಿಗೆ ತೂರಿಸಿದಳು. ಅಲ್ಲೇ ಇಟ್ಟುಕೊಂಡು, "ಇನ್ನೊಂದು ಸಲ ಹಾಕು," ಎಂದಳು. ಮಗಳು ಹಾಕಿದಳು. ಅಮ್ಮನ ಕಣ್ಣು ಅರಳಿತು. "ಬಾಯಿ ಹಿಂದಕ್ಕಿದೆ ಇದಕ್ಕೆ. ಇಷ್ಟು ಹೊತ್ತೂ ಗೋಡೆ ಜೊತೆ ಮಾತಾಡ್ತಾ ಇದೆ. ಬಡಗಿಯಪ್ಪ, ಇಳಿಸು. ಮೇಜಿನ ಮೇಲಿಡು."

"ಬೆಳಿಗ್ಗೆ ಇಳಿಸಬೇಡಿ ಅಂದ್ರಿ."

"ಈಗ ಇಳಿಸು ಅಂತಿದ್ದೀನಿ."

ಮೇಜಿನ ತುಂಬ ಹೂವಿತ್ತು. ಟೈಲರಮ್ಮ ಅಷ್ಟನ್ನೂ ಸೆರಗಿಗೆ ಬಳಿದುಕೊಂಡಳು. ಬಡಗಿ, ಮಗಳು ಟಿವಿಯನ್ನು ತಂದಿಟ್ಟು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿದರು. ಹೊರಗೆ ಅಂಗಳದ ಕುರ್ಚಿಗಳಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ಕಿಕ್ಕಿರಿದರು. ಹನ್ನೆರಡೂವರೆಯಾಗಿತ್ತು. ಮೊದಲಿನ ನೂರು ಪದ ಅಮ್ಮನಿಗೆ ಈಗಾಗಲೇ ಪರಿಚಯವಾದ್ದರಿಂದ ಅದು ನಡೆಯುವಂತಿರಲಿಲ್ಲ. ಉಪಸಂಪಾದಕ ತನ್ನ ಫೋನಿನಲ್ಲಿ ಮುಂದಿನ ತಿಂಗಳ ದನಿ, ಚೀಲದಲ್ಲಿ ಅದರ ಹಾಳೆ ಇದೆ ಎಂದ. ದನಿಯನ್ನು ಟಿವಿಗೆ ಕೂಡಿಸಿ ಅಡುಗೆಮನೆಯ ಬಾಗಿಲ ಕಡೆಗೇ ತಿರುಗಿ ನಿಂತ. ಇಷ್ಟು ವರ್ಷ ಕಚೇರಿಯಲ್ಲಿ ಕೂತು ಪದ ಬರೆದಿದ್ದನೇ ಹೊರತು ಅವು ಒಬ್ಬರ ಕಿವಿಗೆ ಬೀಳುವುದನ್ನು ಅವನು ಎಂದೂ ನೋಡಿರಲಿಲ್ಲ.

"ನಲ್ಲಿ ಮೋಸ ಮಾಡಿದ್ರೆ?" ಎಂದಳು ದೊಡ್ಡತ್ತೆ ಇದ್ದಕ್ಕಿದ್ದಂತೆ. ಎಲ್ಲರೂ ಅವಳನ್ನು ನೋಡಿದರು. "ಏನು ನೋಡ್ತೀರಿ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು. ನನ್ನ ತಮ್ಮನ ಕೊನೇ ಕೆಲಸ ಇದು, ನಾಳೆ ಯಾರೂ ಬೆರಳು ತೋರಿಸಬಾರದು." ಅವಳು ಅಮ್ಮನ ಹಿಂದೆಯೇ ಅಡುಗೆಮನೆಗೆ ಹೋಗಿ ನಲ್ಲಿಯನ್ನು ಇನ್ನರ್ಧ ಸುತ್ತು ತಿರುಗಿಸಿದಳು. "ನಮ್ಮನೆ ನಲ್ಲಿ ಇಷ್ಟು ಜೋರಿರುತ್ತೆ. ಈಗ ಕೇಳು."

ಈ ಸಲ ಅಮ್ಮನ ದನಿ ಎಡವಲಿಲ್ಲ. ಸುದ್ದಿಯವನು ಹೇಳಿ ಮುಗಿಸುವ ಮೊದಲೇ ಅವಳು ಹೇಳುತ್ತಿದ್ದಾಳೇನೋ ಎನ್ನುವಂತೆ ಪದಗಳು ಒಂದರ ಹಿಂದೆ ಒಂದು ಬಂದವು. ಅರುವತ್ತು ದಾಟಿದಾಗ ಬಡಗಿ ಬೆರಳೆತ್ತಿ ತೋರಿಸಿದ. ಎಪ್ಪತ್ತು ದಾಟಿದಾಗ ಟೈಲರಮ್ಮ ಸೆರಗಿನ ಹೂವನ್ನು ಮರೆತು ಕೈ ಬಿಟ್ಟಳು, ಹೂವೆಲ್ಲ ನೆಲದ ಪಾಲಾಯಿತು.

"ಎಂಬತ್ಮೂರು," ಎಂದ ಉಪಸಂಪಾದಕ. ಅವನಿಗೇ ನಂಬಿಕೆಯಾಗದೆ ಇನ್ನೊಮ್ಮೆ ಎಣಿಸಿದ. "ಎಂಬತ್ಮೂರೇ."

ಯಾರೋ ಚಪ್ಪಾಳೆ ತಟ್ಟಿಬಿಟ್ಟರು. ತಟ್ಟಿದವರು ನಾಚಿ ಕೈ ಮಡಚಿಕೊಳ್ಳುವಷ್ಟರಲ್ಲಿ ಇನ್ನಿಬ್ಬರು ತಟ್ಟಿದ್ದರು. ದೊಡ್ಡತ್ತೆ ಒದ್ದೆ ಕೈಯಲ್ಲಿ ಹೊರಗೆ ಬಂದು, "ನಲ್ಲಿ ಪೂರ್ತಿ ಬಿಟ್ಟಿದ್ದೆ, ನಾನೇ ಸಾಕ್ಷಿ," ಎಂದು ಸಾರಿದಳು. ಆಮೇಲಿನದೆಲ್ಲ ಓಟ. ಪಿಸುಮಾತಿನ ದೃಶ್ಯ ಹಾಕಿದರು, ಬಾಗಿಲವರೆಗೂ ಕೇಳಿತು. ದನಿಯನ್ನು ಪೂರ್ತಿ ಏರಿಸಿದರು, ಕಪಾಟಿನ ಲೋಟಗಳು ನಡುಗಿದರೂ ಮಾತು ಒಡೆಯಲಿಲ್ಲ. ತಬಲ ಹಾಕಿದಾಗ ಅಮ್ಮ ಮೂಗು ಮುರಿದಳು. "ರಟ್ಟಿನ ಪೆಟ್ಟಿಗೆ ಬಡಿದಂಗಿದೆ. ಇದಕ್ಕೆ ಒಂದು ಅಂಕ ಹೋಯ್ತು."

ಒಂದು ಗಂಟೆ ಐದು ನಿಮಿಷಕ್ಕೆ ಅವಳು ತೀರ್ಪು ಹೇಳಿದಳು. "ಬರ್ಕೊಳ್ಳಿ. ಗೋಡೆಗೆ ಹಾಕಿದ್ರೆ ನಾಲ್ಕು. ಮೇಜಿನ ಮೇಲೆ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇಟ್ರೆ ಏಳು."

"ಒಂದೇ ಅಂಕಕ್ಕೆ ಜಾಗ ಇರೋದು ಅಮ್ಮ. ಸರಾಸರಿ ಐದೂವರೆ ಹಾಕೋಣ."

"ಅಡ್ಡಗೋಡೆ ಮೇಲೆ ದೀಪ ಇಟ್ಟಂಗಾಗುತ್ತೆ. ಐದೂವರೆ ಯಾರ ಮನೆಯಲ್ಲೂ ಇರಲ್ಲ. ಜಾಗ ಮಾಡಿ."

ಅವನು ಜಾಗ ಮಾಡಿದ. ಫೋನಿನಲ್ಲಿ ಬೆರಳಾಡಿಸುತ್ತಾ ಬಂದು ಕೊನೆಯ ಸಾಲಿನಲ್ಲಿ ನಿಂತ. "ಧ್ವನಿ ಪರೀಕ್ಷೆ ಯಾರದು ಅಂತ ಹಾಕಲಿ? ಸರ್ ಹೆಸರು ಹಾಕೋಕಾಗಲ್ಲ. ಇವತ್ತಿನ ತಾರೀಖಿಗೆ ಅವರು ಕೇಳಿದ್ರು ಅಂದ್ರೆ ಯಾರು ನಂಬ್ತಾರೆ? ನಿಮ್ಮ ಹೆಸರು ಹಾಕ್ತೀನಿ."

ಅಮ್ಮನ ಉತ್ಸಾಹ ಅಲ್ಲಿಗೆ ಇಳಿಯಿತು. ಅವಳು ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತಳು. "ನನ್ನ ಹೆಸರು ಕಂಡ ಕೂಡಲೇ ಹಿಂದಿನದೆಲ್ಲ ಯಾರು ಕೇಳಿದ್ದು ಅಂತಾರೆ. ಮಣ್ಣು ಮಾಡೋ ಮುಂಚೆ ಇವರ ಕಿವಿ ವಿಷಯ ಊರಿಗೆಲ್ಲ ಡಂಗುರ ಹೊಡೀಲಾ? ಬೇಡಪ್ಪ. ಇವರು ಮೋಸಗಾರ ಅನ್ನಿಸಿಕೊಳ್ಳೋದು ಬೇಡ. ಹಾಳಾಗಲಿ, ಕಂಪನಿಯವರದೇ ಹಾಕಿಬಿಡಿ."

ಟೈಲರಮ್ಮ ಏನೋ ಹೇಳಹೋದಳು, ದೊಡ್ಡತ್ತೆ ತಡೆದಳು. ಗಂಟೆ ಒಂದು ಹತ್ತಾಗಿತ್ತು. ಮಗಳು ಅಪ್ಪನ ಕಪಾಟು ತೆರೆದಳು. ಇಪ್ಪತ್ತಾರು ವರ್ಷದ ನೋಟ್‌ಬುಕ್‌ಗಳು ಸಾಲಾಗಿ ನಿಂತಿದ್ದವು. ಕಿವಿ ಹೋದವನು ಧ್ವನಿಯ ಪುಟದಲ್ಲಿ ಏನು ಬರೆಯುತ್ತಿದ್ದ ಎಂದು ಅವಳಿಗೆ ನೋಡಬೇಕಿತ್ತು, ಅಷ್ಟೇ. ಕೈಗೆ ಸಿಕ್ಕಿದ್ದನ್ನು ಎಳೆದು ತೆರೆದಳು. ಇನ್ನೊಂದನ್ನು ತೆರೆದಳು. ಆಮೇಲೆ ತೋಳಿನ ತುಂಬ ಹೊತ್ತು ತಂದು ಅಮ್ಮನ ಮಡಿಲಿಗೆ ಸುರಿದಳು.

"ಓದಮ್ಮ."

ಆ ಹದಿನೆಂಟು ವರ್ಷದ ಎಲ್ಲ ಪುಸ್ತಕದಲ್ಲೂ, ಎಲ್ಲ ತಿಂಗಳಲ್ಲೂ, ಧ್ವನಿ ಎಂಬ ತಲೆಬರಹದ ಅಡಿಯಲ್ಲಿ ಅದೇ ದುಂಡನೆಯ ಅಕ್ಷರದಲ್ಲಿ ಒಂದು ಸಾಲಿತ್ತು. ಕೇಳಿದವರು: ಎಂದು ಬರೆದು ಮುಂದೆ ಅಮ್ಮನ ಪೂರ್ತಿ ಹೆಸರು. ಅವರಿಬ್ಬರೂ ಮಾತು ಬಿಟ್ಟಿದ್ದ ಆ ತಿಂಗಳಲ್ಲೂ ಇತ್ತು. ಅಲ್ಲಿ ಹೆಸರಿನ ಮುಂದೆ "ಶ್ರೀಮತಿ" ಎಂದು ಸೇರಿಸಿದ್ದ.

"ಬರೀಬೇಡಿ ಅಂತ ಆಣೆ ಹಾಕಿದ್ದೆ," ಎಂದಳು ಅಮ್ಮ.

"ಪತ್ರಿಕೆಗೆ ತಾನೇ ಬರೀಬೇಡಿ ಅಂದಿದ್ದು? ಇದು ಅಪ್ಪನ ಸ್ವಂತ ಪುಸ್ತಕ. ಇದರಲ್ಲಿ ಅಪ್ಪ ಒಂದು ದಿನವೂ ಸುಳ್ಳು ಬರೆದಿಲ್ಲ ನೋಡು."

ಬೆಳಿಗ್ಗೆಯಿಂದ ಅಳದಿದ್ದವಳು ಆಗ ಅತ್ತಳು. ಎಲ್ಲರ ಮುಂದೆ, ಆ ಹದಿನೆಂಟು ವರ್ಷವನ್ನು ಮಡಿಲಲ್ಲಿ ಇಟ್ಟುಕೊಂಡೇ ಅತ್ತಳು. ದೊಡ್ಡತ್ತೆ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು. ಮೂಗು ಒರೆಸಿಕೊಂಡ ಮೇಲೆ ಅಮ್ಮ ಉಪಸಂಪಾದಕನಿಗೆ ಹೇಳಿದಳು:

"ಹಾಕಿ. ಚಿತ್ರಕ್ಕೆ ಅವರದು, ಧ್ವನಿಗೆ ನನ್ನದು. ಹಿಂದಿನ ಹದಿನೆಂಟು ವರ್ಷದ್ದೂ ಹೀಗೇ ಅಂತ ಒಂದು ಸಾಲು ಸೇರಿಸಿ. ಬಚ್ಚಿಡಿಸಿದ್ದು ನಾನು, ಅವರಲ್ಲ ಅಂತಾನೂ ಹಾಕಿ."

ಪುಟ ಒಂದು ಗಂಟೆ ಇಪ್ಪತ್ತೇಳಕ್ಕೆ ಅಚ್ಚಿಗೆ ಹೋಯಿತು. ಟೈಲರಮ್ಮ ಬಡಗಿಯ ಹತ್ತಿರ ಮೇಜಿನ ಅಳತೆ ಮಾತಾಡಲು ಶುರುಮಾಡಿದಳು.

ಶವವಾಹನ ಎರಡಕ್ಕೆ ಸರಿಯಾಗಿ ಬಂತು. ಹಿಂದುಗಡೆ ಎರಡು ಬದಿಗೂ ಬೆಂಚು, ನಡುವೆ ಅಪ್ಪ. ಅಮ್ಮ ಅವನ ತಲೆಯ ಕಡೆ ಕೂತಳು. ಮಗಳು, ದೊಡ್ಡತ್ತೆ, ಉಳಿದವರು ಒತ್ತೊತ್ತಾಗಿ ಕೂತರು. ಗಾಡಿ ಹೊರಟಾಗ ಡ್ರೈವರ್‌ನ ರೇಡಿಯೊ ಸಣ್ಣಗೆ ಹಾಡುತ್ತಿತ್ತು, ಆರಿಸಲು ಮರೆತಿದ್ದ. ಹಿಂದಿನವರು ಇನ್ನೂ ಎಂಬತ್ಮೂರರ ಮಾತೇ ಆಡುತ್ತಿದ್ದರು.

ಅಮ್ಮ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದಳು. ತಲೆ ಓರೆ ಮಾಡಿ ಒಂದು ತಿರುವು ದಾಟುವವರೆಗೂ ಕೇಳಿದಳು. ಆಮೇಲೆ ಅಪ್ಪನ ಕಿವಿಯ ಮೇಲೆ ಬಗ್ಗಿ, ಈ ಸಲ ಕೂಗದೆ, ತುಟಿ ತಾಕುವಷ್ಟು ಹತ್ತಿರದಿಂದ ಪಿಸುಗುಟ್ಟಿದಳು:

"ಬಲಗಡೆ ಸ್ಪೀಕರ್ ಹರಿದಿದೆ. ಮೂರು."

ಕನ್ನಡಿಯಲ್ಲಿ ನೋಡುತ್ತಿದ್ದ ಡ್ರೈವರ್ ಗಾಬರಿಯಾಗಿ ರೇಡಿಯೊದ ಗುಂಡಿಗೆ ಕೈ ಹಾಕಿದ.

"ಇರಲಿ ಬಿಡಪ್ಪ," ಎಂದಳು ಅಮ್ಮ, ತಲೆ ಎತ್ತದೆ. "ಇನ್ನೂ ಕೇಳ್ತಾ ಇದ್ದೀನಿ."